ಮೈಕ್ರೋ ಇನ್ವರ್ಟರ್ ಗ್ರಿಡ್‌ಗೆ ಜೋಡಿಸುವ ಮುನ್ನ ವೋಲ್ಟೇಜ್ ಅಳೆಯಿರಿ

ಪೇಟೆಯ ಅಂಗಡಿ, ನರ್ಸಿಂಗ್ ಹೋಂ, ಕಲ್ಯಾಣ ಮಂಟಪಗಳ ತಾರಸಿಯಲ್ಲಿ ನೀರಿನ ಟ್ಯಾಂಕು, ಲಿಫ್ಟ್ ಕೋಣೆ, ಜಾಹೀರಾತು ಫಲಕ ಒಂದಲ್ಲ ಒಂದು ನೆರಳು ಚೆಲ್ಲುತ್ತಲೇ ಇರುತ್ತವೆ. ಸೋಲಾರ್ ಪ್ಯಾನಲ್‌ಗಳ ಕೆಳಗೇ ಕುಳಿತು, ಅವುಗಳ ಡಿಸಿ ಕರೆಂಟನ್ನು ಗ್ರಿಡ್‌ಗೆ (ವಿದ್ಯುತ್ ಜಾಲಕ್ಕೆ) ಹೊಂದುವ ಎಸಿಯಾಗಿ ಬದಲಿಸುತ್ತ, ಪ್ರತಿಯೊಂದನ್ನೂ ಪ್ರತ್ಯೇಕವಾಗಿ ದುಡಿಸುವ ಮೈಕ್ರೋ ಇನ್ವರ್ಟರ್ ಇಂಥ ಕಡೆ ಸರಿಯಾದ ಆಯ್ಕೆ. ತಾರಸಿಯಲ್ಲಿ 600–800 ವೋಲ್ಟ್ ಡಿಸಿ ಓಡಾಡುವುದಿಲ್ಲ ಎಂಬುದೂ ಲಾಭವೇ. ನೆರಳೇ ಇಲ್ಲದ ತಗಡಿನ ಶೆಡ್ಡಾದರೆ ಪ್ಯಾನಲ್‌ಗಳನ್ನೆಲ್ಲ ಸರಣಿಯಾಗಿ ಕೂಡಿಸಿ ಒಂದೇ ಕಡೆ ನಡೆಸುವ ಸ್ಟ್ರಿಂಗ್ ಇನ್ವರ್ಟರ್ ಸಾಕು, ಹೆಚ್ಚಿನ ದುಡ್ಡು ಸುರಿಯಬೇಕಿಲ್ಲ.

ಲೆಕ್ಕಕ್ಕೆ ಹುಬ್ಬಳ್ಳಿಯ ಮೂರು ಅಂತಸ್ತಿನ ಬಟ್ಟೆ ಅಂಗಡಿಯೊಂದನ್ನು ಇಟ್ಟುಕೊಳ್ಳೋಣ. 540 ವ್ಯಾಟ್‌ನ 48 ಪ್ಯಾನಲ್, ಅಂದರೆ ಸುಮಾರು 26 ಕಿಲೋವ್ಯಾಟ್. ನಾಲ್ಕು ಪ್ಯಾನಲ್‌ಗೆ ಒಂದರಂತೆ 2,000 ವಿಎ ಸಾಮರ್ಥ್ಯದ 12 ತ್ರೀ ಫೇಸ್ ಮೈಕ್ರೋ ಇನ್ವರ್ಟರ್. 400 ವೋಲ್ಟ್‌ನಲ್ಲಿ ಒಂದೊಂದು ಯೂನಿಟ್ ಪ್ರತಿ ಫೇಸ್‌ಗೆ ಕೊಡುವುದು 2.9 ಆಂಪಿಯರ್, ಎಲ್ಲ ಸೇರಿ 34.6 ಆಂಪಿಯರ್.

ಮೊದಲು ಮೀಟರ್ ಬೋರ್ಡ್

ಪ್ಯಾನಲ್ ಖರೀದಿಗೂ ಮುನ್ನ ಒಂದು ವಾರ ಮೀಟರ್ ಬೋರ್ಡಿನಲ್ಲಿ ಮೂರೂ ಫೇಸ್‌ಗಳ ವೋಲ್ಟೇಜ್ ದಾಖಲಿಸಿ. ಬೆಳಿಗ್ಗೆ 11ರಿಂದ ಮಧ್ಯಾಹ್ನ 2ರವರೆಗಿನ ಅಂಕಿಗಳು ಮುಖ್ಯ, ಭಾನುವಾರದ್ದಂತೂ ಬಿಡಲೇಬೇಡಿ. ನಮ್ಮ ವಿತರಣಾ ಟ್ರಾನ್ಸ್‌ಫಾರ್ಮರ್‌ಗಳು 11 ಕೆವಿಯನ್ನು 433 ವೋಲ್ಟ್‌ಗೆ ಇಳಿಸುವಂಥವು. ಲೋಡ್ ಇಲ್ಲದಾಗ ಒಂದು ಫೇಸ್‌ಗೆ 250 ವೋಲ್ಟ್ ಬರುತ್ತದೆ. ಟ್ರಾನ್ಸ್‌ಫಾರ್ಮರ್ ಪಕ್ಕದ ಕಟ್ಟಡದಲ್ಲಿ, ಬೀದಿಯ ಅಂಗಡಿಗಳೆಲ್ಲ ಬಾಗಿಲು ಹಾಕಿದ ದಿನ 245ರಿಂದ 250 ಕಾಣಿಸಿದರೆ ಅಚ್ಚರಿಯಿಲ್ಲ.

ಕೇಂದ್ರ ವಿದ್ಯುತ್ ಪ್ರಾಧಿಕಾರದ 2013ರ ನಿಯಮದಂತೆ ವೋಲ್ಟೇಜ್ ನಿಗದಿಯ ಶೇ 80ಕ್ಕಿಂತ ಇಳಿದರೂ ಶೇ 110 ದಾಟಿದರೂ ಎರಡು ಸೆಕೆಂಡ್ ಒಳಗೆ ಸೋಲಾರ್ ಗ್ರಿಡ್‌ನಿಂದ ಕಳಚಿಕೊಳ್ಳಬೇಕು. 230ರ ಲೆಕ್ಕದಲ್ಲಿ ಮೇಲಿನ ಗೆರೆ 253 ವೋಲ್ಟ್. ಮೀಟರ್ ಬಳಿ 248 ಇದ್ದರೆ ನಿಮಗೆ ಉಳಿದಿರುವ ಜಾಗ ಐದೇ ವೋಲ್ಟ್. ಮುಂದಿನ ಕೇಬಲ್ ಆಯ್ಕೆಯೆಲ್ಲ ಈ ಐದರ ಮೇಲೆ ನಿಂತಿದೆ.

ಅರ್ಜಿ

ಮಂಜೂರಾದ ಲೋಡ್, ತ್ರೀ ಫೇಸ್ ಸಂಪರ್ಕ, ಬಾಕಿ ಬಿಲ್ ಮೂರನ್ನೂ ಸರಿಮಾಡಿಕೊಂಡು ನಿಮ್ಮ ಎಸ್ಕಾಂಗೆ (ಇಲ್ಲಿ ಹೆಸ್ಕಾಂ) ಅರ್ಜಿ ಹಾಕಿ. 2024ರ ಕೇಂದ್ರ ತಿದ್ದುಪಡಿಯಂತೆ 10 ಕಿಲೋವ್ಯಾಟ್‌ವರೆಗೆ ತಾಂತ್ರಿಕ ಪರಿಶೀಲನೆ ಬೇಕಿಲ್ಲ. ಅದಕ್ಕಿಂತ ದೊಡ್ಡದಕ್ಕೆ 15 ದಿನದೊಳಗೆ ಪರಿಶೀಲನೆ ಮುಗಿಯಬೇಕು. ಸಿಂಗಲ್ ಲೈನ್ ಡ್ರಾಯಿಂಗ್ (ಇಡೀ ಜೋಡಣೆಯ ಸರಳ ಗೆರೆನಕ್ಷೆ) ಜತೆಗೆ ಇನ್ವರ್ಟರ್‌ನ ಐಎಸ್ 16221 ಮತ್ತು ಐಎಸ್ 16169 ಪ್ರಮಾಣಪತ್ರ ಇಡಿ. ಎರಡನೆಯದು ಕರೆಂಟ್ ಹೋದಾಗ ಇನ್ವರ್ಟರ್ ತಾನೂ ನಿಲ್ಲುತ್ತದೆ ಎಂಬುದಕ್ಕೆ ಪುರಾವೆ. ಪಿಎಂ ಸೂರ್ಯ ಘರ್ ಸಬ್ಸಿಡಿ ಮನೆಗಳಿಗೆ ಮಾತ್ರ, ಅಂಗಡಿಗೆ ಇಲ್ಲ.

ತಾರಸಿಯ ಕೆಲಸ

12 ಯೂನಿಟ್‌ಗಳನ್ನು ನಾಲ್ಕರಂತೆ ಮೂರು ಬ್ರಾಂಚ್ (ಗುಂಪು) ಮಾಡಿ. ಒಂದು ಬ್ರಾಂಚ್‌ನ ಕರೆಂಟ್ 11.6 ಆಂಪಿಯರ್. ಅದಕ್ಕೆ ಶೇ 25 ಸೇರಿಸಿದರೆ 14.5, ಹಾಗಾಗಿ 16 ಆಂಪಿಯರ್‌ನ ನಾಲ್ಕು ಪೋಲ್ ಎಂಸಿಬಿ. ಯೂನಿಟ್ಟನ್ನು ಪ್ಯಾನಲ್‌ಗೆ ಅಂಟಿಸಿದಂತೆ ಕೂರಿಸದೆ ಪ್ಯಾನಲ್ ಹೊರುವ ಲೋಹದ ಪಟ್ಟಿಗೆ (ರೈಲ್) ಬಿಗಿದು, ಸುತ್ತ ಗಾಳಿಯಾಡಲು ಬಿಡಿ. ಕಲಬುರಗಿ, ರಾಯಚೂರಿನ ಮೇ ತಿಂಗಳಲ್ಲಿ ಬಿಸಿಯಾದ ಯೂನಿಟ್ ತಾನೇ ಉತ್ಪಾದನೆ ತಗ್ಗಿಸಿಕೊಳ್ಳುತ್ತದೆ.

ಯೂನಿಟ್‌ಗಳನ್ನು ಸಾಲಾಗಿ ಸೇರಿಸುವ ಟ್ರಂಕ್ ಕೇಬಲ್‌ನ ಕೊನೆಗೆ ಎಂಡ್ ಕ್ಯಾಪ್, ಬಳಸದ ಕನೆಕ್ಟರ್‌ಗೆ ಮುಚ್ಚಳ ಹಾಕಿ. ಹತ್ತು ರೂಪಾಯಿಯ ಕೆಲಸವೆಂದು ಇದನ್ನು ಬಿಟ್ಟರೆ ಮೊದಲ ಮಳೆಗೇ ನೀರು ನುಗ್ಗಿ ಇಡೀ ಬ್ರಾಂಚ್ ಟ್ರಿಪ್ ಆಗುತ್ತದೆ. ಕೇಬಲ್ ಜೋತು ಬೀಳದಂತೆ ಸ್ಟೀಲ್ ಕ್ಲಿಪ್‌ನಲ್ಲಿ ಹಿಡಿಸಿ. ಪ್ಲಾಸ್ಟಿಕ್ ಟೈ ಬಿಸಿಲಿಗೆ ಪುಡಿಯಾಗುತ್ತದೆ, ಜೋತಾಡುವ ಕೇಬಲ್ ಕೋತಿಗಳಿಗೆ ಆಟಿಕೆ. ಯೂನಿಟ್ ಮೇಲಿನ ಸೀರಿಯಲ್ ಸ್ಟಿಕರ್ ಕಿತ್ತು ತಾರಸಿಯ ನಕ್ಷೆಯಲ್ಲಿ ಆಯಾ ಜಾಗಕ್ಕೆ ಅಂಟಿಸಿ. ಪ್ಯಾನಲ್ ಮುಚ್ಚಿದ ಮೇಲೆ ಯಾವುದು ಎಲ್ಲಿದೆಯೆಂದು ಹುಡುಕುವುದು ಆಗದ ಮಾತು.

ಸ್ಟ್ರಕ್ಚರ್ ಮತ್ತು ಎಸಿ ಬೋರ್ಡ್ ಅರ್ಥಿಂಗ್ ಮಾಡಿ, ಸಿಡಿಲು ತಡೆಯುವ ಸಲಾಕೆಗೆ ಬೇರೆಯೇ ಅರ್ಥ್ ಪಿಟ್ ಕೊಡಿ.

ಕೇಬಲ್: ಆಂಪಿಯರ್ ನೋಡಿದರೆ ಸಾಲದು

ಮೂರೂ ಬ್ರಾಂಚ್ ಬಂದು ಸೇರುವ ತಾರಸಿಯ ಪೆಟ್ಟಿಗೆಯಿಂದ (ಎಸಿ ಕಂಬೈನರ್) ನೆಲಮಹಡಿಯ ಬೋರ್ಡಿಗೆ 60 ಮೀಟರ್ ಇದೆಯೆನ್ನಿ. 35 ಆಂಪಿಯರ್‌ಗೆ 16 ಸ್ಕ್ವೇರ್ ಎಂಎಂ ಅಲ್ಯೂಮಿನಿಯಂ ಆರ್ಮರ್ಡ್ ಕೇಬಲ್ ಧಾರಾಳ ಸಾಕು, ಬಿಸಿಯೂ ಆಗದು. ಆದರೆ ಕರೆಂಟ್ ಹಿಮ್ಮುಖವಾಗಿ ಗ್ರಿಡ್ ಕಡೆ ಹರಿಯುವಾಗ ಇನ್ವರ್ಟರ್ ತುದಿಯಲ್ಲಿ ವೋಲ್ಟೇಜ್ ಏರುತ್ತದೆ. ಈ ಕೇಬಲ್‌ನ ಏರಿಕೆ 4.8 ವೋಲ್ಟ್. 4 ಸ್ಕ್ವೇರ್ ಎಂಎಂ ತಾಮ್ರದ 15 ಮೀಟರ್ ಬ್ರಾಂಚ್ ಕೇಬಲ್‌ನಲ್ಲಿ ಇನ್ನೊಂದು ವೋಲ್ಟ್, ಟ್ರಂಕ್‌ನಲ್ಲಿ ಅರ್ಧ ವೋಲ್ಟಿನಷ್ಟು. ಒಟ್ಟು 6 ದಾಟಿತು. ಮೀಟರ್ ಬಳಿ 248 ಇದ್ದಾಗ ತಾರಸಿಯಲ್ಲಿ 254, ಎಲ್ಲ ಯೂನಿಟ್ ಬಂದ್.

ಅದೇ ಜಾಗಕ್ಕೆ 35 ಸ್ಕ್ವೇರ್ ಎಂಎಂ ಮೂರೂವರೆ ಕೋರ್ ಕೇಬಲ್ ಎಳೆದರೆ ಏರಿಕೆ 2.2ಕ್ಕೆ ಇಳಿಯುತ್ತದೆ, ಒಟ್ಟು ಮೂರೂವರೆ ಚಿಲ್ಲರೆ. ತಾರಸಿಯಲ್ಲಿ 252ರ ಒಳಗೆ ನಿಲ್ಲುತ್ತದೆ. ಯೂನಿಟ್‌ನಿಂದ ಮೀಟರ್‌ವರೆಗಿನ ಒಟ್ಟು ಏರಿಕೆ ಶೇ 2ರೊಳಗಿರಲಿ. ಬ್ರಾಂಚ್ ಕೇಬಲ್ಲನ್ನು ಸಾಲಿನ ತುದಿಗೆ ಕೊಡುವ ಬದಲು ನಡುವೆ ಕೊಟ್ಟರೆ ಟ್ರಂಕ್‌ನ ಏರಿಕೆ ಇನ್ನೂ ಇಳಿಯುತ್ತದೆ. ಅಲ್ಯೂಮಿನಿಯಂ ಕೇಬಲ್ ತಾಮ್ರದ ಬಸ್‌ಬಾರ್ ಸೇರುವಲ್ಲಿ ಬೈಮೆಟಲ್ ಲಗ್ (ಎರಡೂ ಲೋಹ ಸೇರಿದ ಜೋಡಣೆಯ ತುದಿ) ಕಡ್ಡಾಯ.

ಬೋರ್ಡ್ ಮತ್ತು ಜನರೇಟರ್

ಕಂಬೈನರ್‌ನಲ್ಲಿ ಮೂರು 16 ಆಂಪಿಯರ್ ಎಂಸಿಬಿ, ಟೈಪ್ 2 ಸರ್ಜ್ ಪ್ರೊಟೆಕ್ಟರ್ ಇರಲಿ. ಕೆಳಗೆ 50 ಆಂಪಿಯರ್ ನಾಲ್ಕು ಪೋಲ್ ಎಂಸಿಸಿಬಿ (ದೊಡ್ಡ ಬ್ರೇಕರ್), ಸೋಲಾರ್ ಮೀಟರ್, ಅದರ ಪಕ್ಕದಲ್ಲಿ ಬೀಗ ಹಾಕಬಹುದಾದ ಕೈಚಾಲಿತ ಐಸೊಲೇಟರ್ (ಲೈನ್ ಕಡಿಯುವ ಸ್ವಿಚ್). ಲೈನ್‌ಮನ್ ಬಂದಾಗ ಯಾರನ್ನೂ ಕೇಳದೆ ಐಸೊಲೇಟರ್ ಕೈಗೆ ಸಿಗಬೇಕು.

ಸೋಲಾರ್ ಲೈನನ್ನು ಜನರೇಟರ್‌ನ ಚೇಂಜ್‌ಓವರ್ ಸ್ವಿಚ್‌ಗಿಂತ ಮೊದಲು, ಗ್ರಿಡ್ ಕಡೆಗೆ ಸೇರಿಸಿ. ಲೋಡ್ ಕಡೆ ಸೇರಿಸಿದರೆ ಮೈಕ್ರೋ ಇನ್ವರ್ಟರ್ ಡೀಸೆಲ್ ಜನರೇಟರನ್ನೇ (ಡಿಜಿ) ಗ್ರಿಡ್ ಎಂದುಕೊಂಡು ಜತೆಗೂಡುತ್ತದೆ. ಬಿಸಿಲು ಹೆಚ್ಚಿ ಅಂಗಡಿಯ ಲೋಡ್ ಕಡಿಮೆಯಿದ್ದರೆ ಕರೆಂಟ್ ಜನರೇಟರ್‌ಗೇ ನುಗ್ಗುತ್ತದೆ. ಆಲ್ಟರ್ನೇಟರ್ ರಿಪೇರಿಯ ಬಿಲ್ ನೋಡಿದವರಿಗೆ ಗೊತ್ತು. ಡಿಜಿ ಜತೆಗೂ ಸೋಲಾರ್ ಓಡಲೇಬೇಕೆಂದರೆ ಡಿಜಿಯ ಕನಿಷ್ಠ ಲೋಡ್ ಕಾಯುವ ನಿಯಂತ್ರಕ ಪ್ರತ್ಯೇಕವಾಗಿ ಬೇಕು.

ನ್ಯೂಟ್ರಲ್ ಲಗ್ಗನ್ನು ಟಾರ್ಕ್ ಸ್ಪ್ಯಾನರ್‌ನಲ್ಲೇ ಬಿಗಿಯಿರಿ. ನ್ಯೂಟ್ರಲ್ ಸಡಿಲವಾದರೆ ಒಂದು ಫೇಸ್ 300 ವೋಲ್ಟ್ ಆಚೆ ಹಾರಿ ಅಂಗಡಿಯ ಏರ್ ಕಂಡೀಷನರ್, ಕಂಪ್ಯೂಟರ್ ಎಲ್ಲ ಒಟ್ಟಿಗೆ ಸುಡಬಹುದು.

ಚಾಲನೆ

ವಿದ್ಯುತ್ ಪರಿವೀಕ್ಷಣಾಲಯಕ್ಕೆ ಸಂಬಂಧಿಸಿದ ಕಾಗದಪತ್ರ ಮುಗಿದು, ಎಸ್ಕಾಂ ಎರಡೂ ದಿಕ್ಕಿನ ಮೀಟರ್ ಕೂರಿಸಿದ ನಂತರವೇ ಸ್ವಿಚ್ ಹಾಕಿ. ಯೂನಿಟ್‌ಗಳ ಮೇಲೆ ಕಣ್ಣಿಡುವ ಗೇಟ್‌ವೇ ಪೆಟ್ಟಿಗೆಯಲ್ಲಿ ಭಾರತದ ಗ್ರಿಡ್ ಪ್ರೊಫೈಲ್ ಆರಿಸಿ. ಕಾರ್ಖಾನೆಯಿಂದ ಬಂದ ಬೇರೆ ದೇಶದ ಪ್ರೊಫೈಲ್ ಹಾಗೇ ಉಳಿದರೆ ಟ್ರಿಪ್ ಆಗುವ ಮಿತಿಗಳೇ ಬೇರೆಯಾಗಿರುತ್ತವೆ. ಮೊದಲು ಐಸೊಲೇಟರ್, ನಂತರ ಎಂಸಿಸಿಬಿ, ಆಮೇಲೆ ಒಂದೊಂದೇ ಬ್ರಾಂಚ್. ಯೂನಿಟ್ ಗ್ರಿಡ್ ಪರೀಕ್ಷಿಸಿ ಶುರುವಾಗಲು ಕೆಲವು ನಿಮಿಷ ಬೇಕು, ಕೆಟ್ಟಿದೆಯೆಂದು ಪದೇಪದೇ ಆಫ್-ಆನ್ ಮಾಡಬೇಡಿ. ಲೋಡ್ ಇರುವಾಗ ಎಸಿ ಕನೆಕ್ಟರ್ ಎಳೆದರೆ ಕಿಡಿ ಹಾರುತ್ತದೆ.

ಪೂರ್ಣ ಬಿಸಿಲಿನಲ್ಲಿ ಮೇನ್ ಸ್ವಿಚ್ ಆಫ್ ಮಾಡಿ, ಸೋಲಾರ್ ಕಡೆಯ ವೋಲ್ಟೇಜ್ ಎರಡು ಸೆಕೆಂಡಿನೊಳಗೆ ಬೀಳುತ್ತದೆಯೇ ಎಂದು ಮೀಟರ್ ಹಿಡಿದು ನೋಡಿ. ಬಳಕೆಯ ಅಂಕಿ ಋಣಾತ್ಮಕವಾಗಿ ಕಂಡರೆ ಕರೆಂಟ್ ಅಳೆಯುವ ಸುರುಳಿಯ (ಸಿಟಿ) ಬಾಣ ತಿರುಗಿದೆ, ಅಷ್ಟೆ.

ಮಧ್ಯಾಹ್ನ ಎಲ್ಲ ಯೂನಿಟ್ ಒಟ್ಟಿಗೆ ನಿಂತು ಮತ್ತೆ ಶುರುವಾಗುತ್ತಿದ್ದರೆ ತಪ್ಪು ಇನ್ವರ್ಟರ್‌ನದ್ದಲ್ಲ, ವೋಲ್ಟೇಜ್‌ನದ್ದು. ಒಂದೇ ಬ್ರಾಂಚ್ ನಿಂತರೆ ಕನೆಕ್ಟರ್‌ನಲ್ಲಿ ನೀರು ಹುಡುಕಿ. ಮೀಟರ್ ಬಳಿಯೇ 253 ದಾಟುತ್ತಿದ್ದರೆ ದಾಖಲಿಸಿದ ಅಂಕಿಗಳೊಂದಿಗೆ ಎಸ್ಕಾಂಗೆ ಬರೆದು ಕೊಡಿ. ವೋಲ್ಟೇಜ್ ಹೊಂದಿಸುವ ಟ್ಯಾಪ್ ಇರುವ ಟ್ರಾನ್ಸ್‌ಫಾರ್ಮರ್ ಆದರೆ ಅವರು ಲೈನ್ ಬಂದ್ ಮಾಡಿ ಒಂದು ಹಂತ, ಅಂದರೆ ಸಾಮಾನ್ಯವಾಗಿ ಶೇ 2.5ರಷ್ಟು, ಇಳಿಸಬಹುದು.