ಸಿಲಿಕಾ ನ್ಯಾನೊತಂತಿಗಳ ರೋಹಿತದಲ್ಲಿ ಕಂಡ ಸುಳ್ಳು ಕೆಂಪು ಶಿಖರ

ತೆಳುವಾದ ಚಿನ್ನದ ಲೇಪವಿರುವ ಸಿಲಿಕಾನ್ ಬಿಲ್ಲೆಯನ್ನು ಆರ್ಗಾನ್ ಹರಿಯುವ ಕೊಳವೆ ಕುಲುಮೆಯಲ್ಲಿ 1100 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ ನಾನು ಸಿಲಿಕಾ (ಸಿಲಿಕಾನ್ ಡೈಆಕ್ಸೈಡ್) ನ್ಯಾನೊತಂತಿಗಳನ್ನು, ಅಂದರೆ ಕೂದಲಿಗಿಂತ ಬಹಳ ತೆಳುವಾದ ಎಳೆಗಳನ್ನು, ಬೆಳೆಸುತ್ತೇನೆ. ಚಿನ್ನ ಮತ್ತು ಸಿಲಿಕಾನ್‌ಗಳ ಮಿಶ್ರಣ ಸುಮಾರು 363 ಡಿಗ್ರಿಯಲ್ಲೇ ಕರಗಬಲ್ಲದಾದ್ದರಿಂದ ಲೇಪವು ಸಣ್ಣ ಸಣ್ಣ ಹನಿಗಳಾಗುತ್ತದೆ; ಅನಿಲದಲ್ಲಿ ಉಳಿದ ಅತ್ಯಲ್ಪ ಆಮ್ಲಜನಕವು ಬಿಲ್ಲೆಯ ಸಿಲಿಕಾನನ್ನು ಮೊನಾಕ್ಸೈಡ್ ಆವಿಯಾಗಿಸುತ್ತದೆ, ಆ ಆವಿಯೇ ಹನಿಗಳ ನೆರವಿನಿಂದ ತಂತಿಗಳಾಗಿ ಬೆಳೆಯುತ್ತದೆ. ಆಮ್ಲಜನಕ ಹೆಚ್ಚಾದರೆ ಮೇಲ್ಮೈಯಲ್ಲಿ ಬರೀ ಆಕ್ಸೈಡ್ ಪದರ ಕಟ್ಟಿಕೊಂಡು ಆವಿ ನಿಂತುಹೋಗುತ್ತದೆ.

ಬೆಳವಣಿಗೆ ಸರಿಯಾಗಿಯೇ ಇತ್ತು. ತೊಡಕು ಬಂದದ್ದು ತಂತಿಗಳು ಹೊರಸೂಸುವ ಬೆಳಕನ್ನು ಅಳೆಯುವಾಗ. 325 ನ್ಯಾನೊಮೀಟರ್ ತರಂಗಾಂತರದ ಹೀಲಿಯಂ-ಕ್ಯಾಡ್ಮಿಯಂ ಲೇಸರ್ ಬಿಟ್ಟಾಗ 460ರ ಸುತ್ತ ಅಗಲವಾದ ನೀಲಿ ಪಟ್ಟಿಯೂ 650ರಲ್ಲಿ ಸೂಜಿಯಂಥ ಕೆಂಪು ಶಿಖರವೂ ಕಂಡವು. ಸಿಲಿಕಾದಲ್ಲಿ ಒಂದೇ ಸಿಲಿಕಾನ್‌ಗೆ ಅಂಟಿಕೊಂಡ ಆಮ್ಲಜನಕದ ದೋಷವು 650ರ ಸುತ್ತಲೇ ಹೊಳೆಯುವುದು ನಿಜ, ಆದರೆ ಗಾಜಿನಂಥ ವಸ್ತುವಿನ ದೋಷದ ಬೆಳಕು ಅಷ್ಟು ಕಿರಿದಾಗಿ ಇರುವುದಿಲ್ಲ. 650 ಎಂಬುದು 325ರ ಎರಡರಷ್ಟು: ರೋಹಿತಮಾಪಕದಲ್ಲಿ ಬೆಳಕನ್ನು ತರಂಗಾಂತರಗಳಾಗಿ ಬಿಡಿಸುವ ಗ್ರೇಟಿಂಗ್, ಒಂದು ತರಂಗಾಂತರದ ಬೆಳಕನ್ನು ಅದರ ಎರಡರಷ್ಟರ ಜಾಗಕ್ಕೂ ಕಳಿಸುತ್ತದೆ (ಎರಡನೇ ಶ್ರೇಣಿ); ಚದುರಿದ ಲೇಸರ್ ಬೆಳಕೇ ಹೀಗೆ ಅಲ್ಲಿಗೆ ಬಂದು ಬೀಳುತ್ತದೆ. ತಂತಿಗಳಿಲ್ಲದ ಬರಿಯ ಬಿಲ್ಲೆಯನ್ನಿಟ್ಟಾಗಲೂ ಆ ಶಿಖರ ಅಲ್ಲೇ ಇತ್ತು.

ರೋಹಿತಮಾಪಕದ ಸೀಳಿನ ಮುಂದೆ 350 ನ್ಯಾನೊಮೀಟರ್‌ಗಿಂತ ಕಡಿಮೆಯ ಬೆಳಕನ್ನು ತಡೆಯುವ ಫಿಲ್ಟರ್ ಇಟ್ಟೆ. ಸೂಜಿ ಮಾಯವಾಗಿ, ಅದೇ ಜಾಗದಲ್ಲಿ ಕ್ಷೀಣವಾದ, ಅಗಲವಾದ ಉಬ್ಬು ಉಳಿಯಿತು. ತಂತಿಗಳ ನಿಜವಾದ ಕೆಂಪು ಅದು. ಮಾದರಿಯನ್ನು ಆಮ್ಲಜನಕದಲ್ಲಿ ಮತ್ತೆ ಕಾಯಿಸಿದಾಗ ನೀಲಿ ಪಟ್ಟಿ ತಗ್ಗಿದ್ದರಿಂದ, ಅದು ಆಮ್ಲಜನಕದ ಕೊರತೆಯ ದೋಷಗಳದ್ದೆಂಬ ವಿವರಣೆಯನ್ನು ಈಗ ಧೈರ್ಯವಾಗಿ ಒಪ್ಪುತ್ತೇನೆ.