ಸತ್ತ ಹೇನನ್ನು ಮತ್ತೆ ಕೊಂದ ಕಥೆ

ತೊಡೆಸಂದಿಯಲ್ಲಿ ತುರಿಕೆ ಶುರುವಾಗಿದ್ದು ಆಯುಧ ಪೂಜೆಯ ಹೊತ್ತಿಗೆ. ರೂಮಿನವರು ‘ಗಜಕರ್ಣ ಕಣೋ, ಟ್ಯೂಬ್ ಹಚ್ಚು’ ಅಂದರು. ಮೆಡಿಕಲ್ ಶಾಪಿನವನು ಕೊಟ್ಟದ್ದು ಸ್ಟೀರಾಯ್ಡ್ ಬೆರೆತ ಟ್ಯೂಬು. ಮೂರು ದಿನ ತಗ್ಗಿತು, ಆಮೇಲೆ ಬಡ್ಡಿ ಸಮೇತ ವಾಪಸ್. ಎರಡು ಟ್ಯೂಬಿಗೆ ಇನ್ನೂರು ಚಿಲ್ಲರೆ ದಂಡ.

ಒಂದು ರಾತ್ರಿ ಚಡ್ಡಿಯಲ್ಲಿ ತುಕ್ಕಿನ ಪುಡಿಯಂಥ ಚುಕ್ಕೆಗಳು ಕಂಡವು. ಮೊಬೈಲ್ ಟಾರ್ಚ್ ಹಿಡಿದೆ. ಕೂದಲ ಬುಡದಲ್ಲಿ ಮಚ್ಚೆ ಅಂದುಕೊಂಡಿದ್ದು ಕಾಲಾಡಿಸಿತು! ಗುಹ್ಯಭಾಗದ ಹೇನು! ತಲೆಹೇನಿನ ಹಾಗೆ ಉದ್ದಕ್ಕಿಲ್ಲ, ಗದ್ದೆ ಏಡಿಯ ಮರಿಯಂತೆ ಗುಂಡಗೆ.

ಬೋಳಿಸಿದರೆ ಮುಗೀತು ಅಂದರು. ಬೋಳಿಸಿದೆ. ತೊಡೆಯ ಕೂದಲಲ್ಲೂ ಹೊಕ್ಕುಳ ಕೆಳಗೂ ಇದ್ದವು ಹಾಯಾಗಿಯೇ ಉಳಿದವು. ಬೇವಿನೆಣ್ಣೆಗೆ ರೂಮಿನವರು ಓಡಿದರು, ಹೇನು ಓಡಲಿಲ್ಲ. ಸೀಮೆಎಣ್ಣೆಯ ಸುದ್ದಿಗೆ ಹೋಗಬೇಡಿ, ಚರ್ಮ ಸುಟ್ಟುಕೊಂಡವನ ಮಾತಿದು.

ಎಲ್ಲರೂ ದೂರಿದ್ದು ಹಬ್ಬದ ಹಿಂದಿನ ದಿನ ಉಳಿದಿದ್ದ ಲಾಡ್ಜಿನ ಕಮೋಡನ್ನು. ನುಣುಪಾದ ಪಿಂಗಾಣಿ ಹಿಡಿಯುವ ಕಾಲೇ ಅಲ್ಲ ಈ ಹೇನಿನದ್ದು. ಮೇಲಾಗಿ, ಮೊದಲ ಸಲ ಹತ್ತಿದರೆ ತುರಿಕೆ ಬರಲು ಎರಡರಿಂದ ನಾಲ್ಕು ವಾರ ಬೇಕು. ಕ್ಯಾಲೆಂಡರ್ ಹಿಂದಕ್ಕೆ ಎಣಿಸಿದೆ. ಗಣೇಶನನ್ನು ಬಿಟ್ಟ ಮರುವಾರ, ನನ್ನ ಹುಡುಗಿ ಊರಿಂದ ಬಂದಿದ್ದಳು. ಯಾರಿಂದ ಯಾರಿಗೆ ಅನ್ನುವ ಜಗಳಕ್ಕೆ ನಾನು ಇಳಿಯಲಿಲ್ಲ. ಅವಳಿಗೆ ವಿಷಯ ಹೇಗೆ ಹೇಳಿದೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯೋದಿಲ್ಲ.

ದೀಪಾವಳಿಯ ಹಿಂದಿನ ದಿನ ಹೇನು ಕೊಲ್ಲುವ ಒಂದು ಪರ್ಸೆಂಟ್ ಪರ್ಮೆತ್ರಿನ್ ಲೋಶನ್ ಹಚ್ಚಿ, ಹತ್ತು ನಿಮಿಷ ಬಿಟ್ಟು ತೊಳೆದೆ. ಅವಳೂ ಅದೇ ದಿನ ಹಚ್ಚಿದಳು. ಬೆಡ್‌ಶೀಟು, ಚಡ್ಡಿ ಎಲ್ಲ ಕುದಿಯುವ ನೀರಿಗೆ. ತೊಳೆಯಲಾಗದ ರಗ್ಗನ್ನು ಪ್ಲಾಸ್ಟಿಕ್ ಚೀಲದಲ್ಲಿ ಎರಡು ವಾರ ಬಿಗಿದಿಟ್ಟೆ. ಹೇನೇನೋ ಸತ್ತವು, ಸೀರು ಅಂಟಿಕೊಂಡೇ ಇತ್ತು. ಅದು ಒಡೆಯಲು ಆರರಿಂದ ಹತ್ತು ದಿನ. ಹಾಗಾಗಿ ಒಂಬತ್ತನೇ ದಿನಕ್ಕೆ ಇನ್ನೊಂದು ಬಾಟಲಿ ತಂದೆ. ‘ಸತ್ತಿದ್ದನ್ನು ಮತ್ತೆ ಕೊಲ್ತೀಯಾ?’ ಎಂದು ನಕ್ಕರು. ಎಂಟನೇ ರಾತ್ರಿ ಟಾರ್ಚಿಗೆ ಒಂದು ಪುಟ್ಟ ಮರಿ ಸಿಕ್ಕಿತ್ತು, ಬೇಕಂತಲೇ ಅವರಿಗೆಲ್ಲ ತೋರಿಸಿದೆ. ಆಮೇಲೆ ನಗು ನಿಂತಿತು.

ನಡುವೆ ಒಂದು ತರಲೆ ಪ್ರಯೋಗವನ್ನೂ ಮಾಡಿದ್ದೆ. ಲೋಶನ್ ಹಚ್ಚುವ ಮುಂಚೆ ಒಂದು ದೊಡ್ಡ ಹೇನನ್ನು ಬೆಂಕಿಪೊಟ್ಟಣದಲ್ಲಿಟ್ಟಿದ್ದೆ. ಮಾರನೇ ಸಂಜೆಗೆ ಅಲುಗಾಟ ಇರಲಿಲ್ಲ. ರಕ್ತ ಸಿಗದಿದ್ದರೆ ಅದರ ಆಯುಷ್ಯ ಅಷ್ಟೇ.

ಒಟ್ಟು ಏಳುನೂರರ ಆಸುಪಾಸು ಖರ್ಚಾಯಿತು, ಅರ್ಧಕ್ಕಿಂತ ಹೆಚ್ಚು ದಂಡಕ್ಕೇ. ಈ ಹೇನು ಹೆಚ್ಚಾಗಿ ಹತ್ತುವುದು ಕೂಡಿದಾಗ, ಹಾಗಾಗಿ ಬೇರೇನಾದರೂ ಹತ್ತಿದೆಯೇ ಅಂತಲೂ ನೋಡಬೇಕಿತ್ತು. ಸರ್ಕಾರಿ ಆಸ್ಪತ್ರೆಯ ಐಸಿಟಿಸಿಯಲ್ಲಿ (ಆಪ್ತ ಸಲಹೆ, ಪರೀಕ್ಷೆಯ ಕೇಂದ್ರ) ಎಚ್‌ಐವಿ ಪರೀಕ್ಷೆ ಪುಕ್ಕಟೆ, ಇಬ್ಬರೂ ಮಾಡಿಸಿಕೊಂಡೆವು. ತುಳಸಿ ಹಬ್ಬ ಕಳೆದ ಮೇಲೆ ಟಾರ್ಚ್ ಹಿಡಿಯುವುದನ್ನು ಬಿಟ್ಟಿದ್ದೇನೆ.