ಅಮೆರಿಕಕ್ಕೆ ಅಪ್ಪ ಅಮ್ಮನ್ನ ಕರೆಸಿಕೊಂಡಿದ್ದೀರಾ? ಈ ತಾರೀಖು ನೋಡಿಕೊಳ್ಳಿ

ಮಗಳ ಬಾಣಂತನಕ್ಕೆ ಅಂತ ಅಮ್ಮ ಬಂದಿರುತ್ತಾರೆ. ಪಾಸ್‌ಪೋರ್ಟಿನಲ್ಲಿ 10 ವರ್ಷದ ಬಿ1/ಬಿ2 ವೀಸಾ (ಭೇಟಿಗೆ ಬರುವವರ ವೀಸಾ) ಇದೆ, ಇನ್ನೆರಡು ತಿಂಗಳು ಇದ್ದು ಹೋದರಾಯ್ತು ಅಂತ ಮನೆಯವರೆಲ್ಲ ನಿಶ್ಚಿಂತೆಯಾಗಿರುತ್ತಾರೆ. ಎಡವುವುದೇ ಇಲ್ಲಿ. ಎಷ್ಟು ದಿನ ಇರಬಹುದು ಅನ್ನುವುದು ದೇಶದೊಳಗೆ ಬಂದಾಗ ಮಾಡುವ ಐ-94 ಅನ್ನುವ ಪ್ರವೇಶ ದಾಖಲೆಯಲ್ಲಿರುತ್ತದೆ, ವೀಸಾದಲ್ಲಲ್ಲ.

ಬಂದಿಳಿದ ವಾರದಲ್ಲೇ ಸಿಬಿಪಿಯ (ಅಮೆರಿಕದ ಗಡಿ ತಪಾಸಣೆ ಇಲಾಖೆ) ಐ-94 ವೆಬ್‌ಸೈಟಿಗೆ ಹೋಗಿ, ಹೆಸರು, ಹುಟ್ಟಿದ ದಿನ, ಪಾಸ್‌ಪೋರ್ಟ್ ನಂಬರ್ ಹಾಕಿ. 'ಅಡ್ಮಿಟ್ ಅಂಟಿಲ್ ಡೇಟ್' ಅಂತ ಬರುತ್ತದೆ, ಅಂದರೆ ಅಲ್ಲಿಯವರೆಗೆ ಇರಬಹುದು. ಸಾಮಾನ್ಯವಾಗಿ ಆರು ತಿಂಗಳು ಕೊಟ್ಟಿರುತ್ತಾರೆ, ಜನವರಿ 10ಕ್ಕೆ ಇಳಿದರೆ ಜುಲೈ 9. ಪಾಸ್‌ಪೋರ್ಟ್ ಅದಕ್ಕೂ ಮುಂಚೆ ಮುಗಿಯುವ ಹಾಗಿದ್ದರೆ ಅಷ್ಟಕ್ಕೇ ನಿಲ್ಲಿಸಿರಬಹುದು. ಅಪ್ಪನದು, ಅಮ್ಮನದು ಬೇರೆ ಬೇರೆಯಾಗಿ ನೋಡಿ, ಪ್ರಿಂಟ್ ತೆಗೆದಿಡಿ.

ಆ ತಾರೀಖು ದಾಟಿದರೆ ಏನಾಗುತ್ತದೆ? ಒಂದೇ ದಿನ ಜಾಸ್ತಿಯಾದರೂ ಆ 10 ವರ್ಷದ ವೀಸಾ ತಾನಾಗಿಯೇ ರದ್ದು. ಮತ್ತೆ ಹೊಸದಾಗಿ ಅರ್ಜಿ, ಮತ್ತೆ ಇಂಟರ್‌ವ್ಯೂ. ತಾರೀಖು ದಾಟಿದ ಮೇಲೆ 180 ದಿನಕ್ಕಿಂತ ಜಾಸ್ತಿ ಇದ್ದು ಹೊರಟರೆ 3 ವರ್ಷ ಒಳಗೆ ಬಿಡುವುದಿಲ್ಲ, ಒಂದು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಆದರೆ 10 ವರ್ಷ. ಅರವತ್ತೈದು ದಾಟಿದವರಿಗೆ 10 ವರ್ಷ ಅಂದ್ರೆ ಎಷ್ಟು ದೊಡ್ಡದು ಯೋಚನೆ ಮಾಡಿ, ಮೊಮ್ಮಕ್ಕಳು ಬೆಳೆದೇ ಬಿಟ್ಟಿರುತ್ತಾರೆ. ಹೊರಡುವಾಗ ಯಾರೂ ಪಾಸ್‌ಪೋರ್ಟಿಗೆ ಸೀಲ್ ಹಾಕಲ್ವಲ್ಲ, ಗೊತ್ತಾಗಲ್ಲ ಅಂದುಕೊಳ್ಳಬೇಡಿ. ನೀವು ಹೊರಟ ದಿನವನ್ನು ಏರ್‌ಲೈನ್ಸಿನವರೇ ಸರ್ಕಾರಕ್ಕೆ ಕಳಿಸುತ್ತಾರೆ.

ಹುಷಾರಿಲ್ಲ, ಆಪರೇಷನ್ ಇದೆ, ನಿಜಕ್ಕೂ ಇರಲೇಬೇಕು ಅಂದರೆ ಅವಧಿ ವಿಸ್ತರಿಸಲು ಐ-539 ಅರ್ಜಿ ಹಾಕಿ. ಐ-94ರ ತಾರೀಖಿಗೆ 45 ದಿನ ಮುಂಚೆಯೇ ಹಾಕಿ ಅಂತ ಯುಎಸ್‌ಸಿಐಎಸ್ (ಅಮೆರಿಕದ ವಲಸೆ ಇಲಾಖೆ) ಹೇಳುತ್ತದೆ. ಡಾಕ್ಟರ್ ಪತ್ರ, ಖರ್ಚು ನೋಡಿಕೊಳ್ಳುವವರ ಬ್ಯಾಂಕ್ ಸ್ಟೇಟ್‌ಮೆಂಟ್, ವಾಪಸ್ ಹೋಗುವ ಟಿಕೆಟ್ ಜೊತೆಗಿರಲಿ. ರಸೀದಿ ಬಂತು ಅಂದ ತಕ್ಷಣ ಒಪ್ಪಿಗೆ ಸಿಕ್ಕಿತು ಅಂತಲ್ಲ, ತಿರಸ್ಕರಿಸಿದರೆ ತಡಮಾಡದೆ ಹೊರಡಬೇಕು.

ಆಗಲೇ ತಾರೀಖು ದಾಟಿಹೋಗಿದ್ದರೆ ಸುಮ್ನೆ ಕೂರಬೇಡಿ. ದಾಟಿ 180 ದಿನ ತುಂಬುವ ಮುಂಚೆ ಇಮಿಗ್ರೇಷನ್ ಲಾಯರ್ ಹತ್ತಿರ ಮಾತಾಡಿ. ಮುಂದೆ ವೀಸಾಕ್ಕೆ ಡಿಎಸ್-160 ಅನ್ನುವ ಅರ್ಜಿ ತುಂಬುವಾಗ ಅವಧಿ ಮೀರಿ ಇದ್ದಿರಾ ಅಂತ ನೇರವಾಗಿ ಕೇಳುತ್ತಾರೆ. ಇದ್ದದ್ದನ್ನೇ ಬರೆಯಿರಿ. ಸುಳ್ಳು ಹೇಳಿ ಸಿಕ್ಕಿಬಿದ್ದರೆ ಜೀವನಪೂರ್ತಿ ನಿಷೇಧ ಬೀಳಬಹುದು.